ಬಿಯರ್ ಕಹಿಯಾದಷ್ಟೂ ಅಮಲು ಜಾಸ್ತಿಯೇ? ಹಾಪ್ಸ್ ಹೇಳುವ ನಿಜ

ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ‘ಐಪಿಎ’ ಎಂಬ ಬಿಯರ್ ಸಿಗುತ್ತದೆ. ಮೊದಲ ಗುಟುಕಿಗೇ ಹಲವರು ಮುಖ ಕಿವುಚುತ್ತಾರೆ. “ಅಬ್ಬಾ, ಏನ್ ಕಹಿ! ಭಾರೀ ಸ್ಟ್ರಾಂಗ್ ಇರಬೇಕು” ಅನ್ನುತ್ತಾರೆ. ಇದೇ ನಂಬಿಕೆಯ ಇನ್ನೊಂದು ಮುಖ: “ಇದು ಕಹಿಯೇ ಇಲ್ಲ, ಲೈಟ್ ಬಿಯರ್, ಕುಡಿದು ಗಾಡಿ ಓಡಿಸಬಹುದು.” ಎರಡೂ ತಪ್ಪು. ಎರಡನೆಯದಂತೂ ಜೀವಕ್ಕೇ ಅಪಾಯ.

ಕಹಿ ಬರುವುದು ಎಲ್ಲಿಂದ?

ಬಿಯರ್‌ಗೆ ಮುಖ್ಯವಾಗಿ ಬೇಕಾದದ್ದು ನಾಲ್ಕು: ನೀರು, ಬಾರ್ಲಿ ಮಾಲ್ಟ್, ಯೀಸ್ಟ್ ಮತ್ತು ಹಾಪ್ಸ್. ಹಾಪ್ಸ್ ಎಂದರೆ ಒಂದು ಬಳ್ಳಿಯ ಹೆಣ್ಣು ಹೂಗೊಂಚಲು. ಅದರ ಎಸಳುಗಳ ಬುಡದಲ್ಲಿ ಹಳದಿ ಪುಡಿಯಂಥ ‘ಲುಪುಲಿನ್’ ಇರುತ್ತದೆ. ಅದರಲ್ಲಿರುವ ಆಲ್ಫಾ ಆಮ್ಲಗಳು ಚೆನ್ನಾಗಿ ಕುದ್ದಾಗ ರೂಪ ಬದಲಿಸಿ ಕಹಿ ಕೊಡುತ್ತವೆ.

ಲುಪುಲಿನ್‌ನಲ್ಲಿ ಪರಿಮಳದ ಎಣ್ಣೆಗಳೂ ಇವೆ. ಆದರೆ ಕುದಿಸಿದರೆ ಅವು ಆವಿಯಾಗಿ ಹೋಗುತ್ತವೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಒಲೆ ಆರಿಸುವಾಗ ಹಾಕುತ್ತೇವಲ್ಲ, ಹಾಗೆಯೇ ಪರಿಮಳ ಬೇಕಾದಾಗ ಹಾಪ್ಸ್ ಅನ್ನು ಕೊನೆಯಲ್ಲಿ, ಅಥವಾ ಬಿಯರ್ ತಣ್ಣಗಾದ ಮೇಲೆ ಹಾಕುತ್ತಾರೆ. ಈ ಎಣ್ಣೆಗಳಲ್ಲಿ ಒಂದಾದ ಮಿರ್ಸೀನ್ ಮಾವಿನ ಹಣ್ಣಿನಲ್ಲೂ ನಿಂಬೆಹುಲ್ಲಿನಲ್ಲೂ ಇದೆ. ಹಣ್ಣು ಹಾಕದಿದ್ದರೂ ಕೆಲವು ಬಿಯರ್ ಹಣ್ಣಿನಂತೆ ಘಮಘಮಿಸಲು ಇಂಥ ಎಣ್ಣೆಗಳೇ ಕಾರಣ.

ಅಮಲು ಬರುವುದು ಎಲ್ಲಿಂದ?

ಯೀಸ್ಟ್ ಮಾಲ್ಟ್‌ನ ಸಕ್ಕರೆಯನ್ನು ತಿಂದಾಗ ಆಲ್ಕೋಹಾಲ್ ಹುಟ್ಟುತ್ತದೆ. ಕಹಿ ಹಾಪ್ಸ್‌ನದ್ದು, ಅಮಲು ಸಕ್ಕರೆಯದ್ದು. ಒಂದು ಇನ್ನೊಂದರ ಅಳತೆ ಅಲ್ಲ. ಕಹಿಯನ್ನು ‘ಐಬಿಯು’ ಎಂಬ ಅಂಕಿಯಲ್ಲಿ ಅಳೆದರೆ, ಆಲ್ಕೋಹಾಲ್ ಅನ್ನು ‘ಎಬಿವಿ’ ಎಂಬ ಶೇಕಡಾವಾರಿನಲ್ಲಿ ಅಳೆಯುತ್ತಾರೆ. ಕಪ್ಪಗೆ, ಕಹಿಯಾಗಿರುವ ಗಿನ್ನೆಸ್ ಡ್ರಾಫ್ಟ್‌ನಲ್ಲಿ ಆಲ್ಕೋಹಾಲ್ ಬರೀ 4.2%. ನಮ್ಮಲ್ಲಿ ‘ಸ್ಟ್ರಾಂಗ್’ ಎಂದು ಮಾರುವ, ಅಷ್ಟೇನೂ ಕಹಿಯಿಲ್ಲದ ಬಿಯರ್‌ನಲ್ಲಿ ಅದು 8%ರವರೆಗೂ ಇರುತ್ತದೆ.

ಲೆಕ್ಕ ಹಾಕಿ ನೋಡಿ. 8% ಇರುವ 650 ಮಿ.ಲೀ. ಬಾಟಲಿಯಲ್ಲಿ ಶುದ್ಧ ಆಲ್ಕೋಹಾಲ್ 52 ಮಿ.ಲೀ. 42.8% ಇರುವ ವಿಸ್ಕಿಯ 30 ಮಿ.ಲೀ. ಪೆಗ್‌ನಲ್ಲಿ ಸುಮಾರು 13 ಮಿ.ಲೀ. ಅಂದರೆ ಆ ಒಂದು ಬಾಟಲಿ ನಾಲ್ಕು ಪೆಗ್‌ಗೆ ಸಮ! “ಬರೀ ಒಂದು ಬಿಯರ್ ತಾನೇ” ಎನ್ನುವ ಮೊದಲು ಇದನ್ನು ನೆನಪಿಡಿ. ಭಾರತದಲ್ಲಿ ವಾಹನ ಓಡಿಸುವವರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಆಲ್ಕೋಹಾಲ್.

ಹೆಸರಿನಲ್ಲಿ ಇಂಡಿಯಾ ಏಕೆ?

ಐಪಿಎ ಎಂದರೆ ಇಂಡಿಯಾ ಪೇಲ್ ಏಲ್. “ಹಡಗಿನಲ್ಲಿ ಬೇರೆಲ್ಲಾ ಬಿಯರ್ ಕೆಡುತ್ತಿತ್ತು, ಅದಕ್ಕೇ ಬ್ರಿಟಿಷರು ಇದನ್ನು ಕಂಡುಹಿಡಿದರು” ಎಂಬುದು ಜನಪ್ರಿಯ ಕಥೆ. ಇದರಲ್ಲಿ ಅರ್ಧ ಮಾತ್ರ ನಿಜ. ಹಾಪ್ಸ್ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವುದು ನಿಜ. ಬಿಸಿ ನಾಡಿಗೆ ಹೋಗುವ ಬಿಯರ್‌ಗೆ ಹೆಚ್ಚು ಹಾಪ್ಸ್ ಹಾಕುತ್ತಿದ್ದದ್ದೂ ನಿಜ. ಆದರೆ ಪೋರ್ಟರ್ ಎಂಬ ಕಪ್ಪು ಬಿಯರ್ ಕೂಡ ಅದೇ ಹಡಗುಗಳಲ್ಲಿ ಭಾರತಕ್ಕೆ ಸುರಕ್ಷಿತವಾಗಿ ಬರುತ್ತಿತ್ತು.

ರುಚಿ ನೋಡುವಾಗ

ನಾಲಿಗೆಯ ಹಿಂಭಾಗಕ್ಕೆ ಮಾತ್ರ ಕಹಿ ತಿಳಿಯುತ್ತದೆ ಎಂಬ ಶಾಲೆಯ ಚಿತ್ರ ತಪ್ಪು. 1901ರ ಒಂದು ಜರ್ಮನ್ ಸಂಶೋಧನೆಯನ್ನು ತಪ್ಪಾಗಿ ಓದಿದ್ದರಿಂದ ಅದು ಹಬ್ಬಿತು. ಕಹಿ ನಾಲಿಗೆಯ ತುದಿಗೂ ಅಂಚಿಗೂ ಗೊತ್ತಾಗುತ್ತದೆ. ಹಾಪ್ಸ್‌ನ ಪರಿಮಳ ತಿಳಿಯುವುದು ಮೂಗಿನಿಂದ. ಅದಕ್ಕೇ ರುಚಿ ನೋಡುವವರು ಮೊದಲು ಮೂಸಿ, ಆಮೇಲೆ ಸಣ್ಣ ಗುಟುಕು ತೆಗೆದುಕೊಳ್ಳುತ್ತಾರೆ. ತೀರಾ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ.

ಕಹಿ ಇದ್ದದ್ದೆಲ್ಲಾ ಔಷಧಿಯೇ?

ಹಾಗಲಕಾಯಿ, ಬೇವು ತಿಂದು ಬೆಳೆದ ನಮಗೆ ಹಾಗನ್ನಿಸುವುದು ಸಹಜ. “ಬಿಯರ್ ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆ” ಎಂಬ ಫಾರ್ವರ್ಡ್ ನಂಬಬೇಡಿ. ಬಿಯರ್‌ನಿಂದ ಮೂತ್ರ ಹೆಚ್ಚಾಗಬಹುದು, ಕಲ್ಲು ಕರಗುವುದಿಲ್ಲ. ನೋವಿದ್ದರೆ ವೈದ್ಯರನ್ನು ಕಾಣಿ. ಸುರಕ್ಷಿತ ಎನ್ನಬಹುದಾದ ಕುಡಿತದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಒಟ್ಟಿನಲ್ಲಿ, ಬಿಯರ್ ಎಷ್ಟು ಸ್ಟ್ರಾಂಗ್ ಎಂದು ನಾಲಿಗೆಯನ್ನು ಕೇಳಬೇಡಿ, ಲೇಬಲ್ ನೋಡಿ. ಕುಡಿದಿದ್ದರೆ, ಅದು ಕಹಿಯಿರಲಿ ಇಲ್ಲದಿರಲಿ, ಗಾಡಿಯ ಕೀಲಿ ಬೇರೆಯವರ ಕೈಗೆ ಕೊಡಿ.