ಸಡಿಲ ಬಂಧಗಳ ಬಲ

“ಜಲಜನಕ ಬಂಧವಿರುವುದರಿಂದ ನೀರಿನ ಕುದಿಬಿಂದು ಹೆಚ್ಚು. ಸರಿ, ಅದರಿಂದ ನಮಗೇನು, ಸರ್?” ಎಂದು ಮುಂಡಗೋಡದಿಂದ ಬರುವ ವಿದ್ಯಾರ್ಥಿಯೊಬ್ಬನು ತರಗತಿಯಲ್ಲಿ ಕೇಳಿದನು. ಪಠ್ಯಪುಸ್ತಕದ ಆಚೆಗೆ ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಈಗ ಹೇಳಬಯಸುತ್ತೇವೆ.

ಮೊದಲ ಮಳೆಗೆ ಜೋಯಿಡಾದ ಕಾಡುನೆಲದಿಂದ ಏಳುವ ವಾಸನೆಯು ಬಹುಮಟ್ಟಿಗೆ ಸ್ಟ್ರೆಪ್ಟೊಮೈಸೀಸ್ ಎಂಬ ಸೂಕ್ಷ್ಮಜೀವಿಗಳದು. ಇವುಗಳ ಬಳಗಕ್ಕೆ ಸೇರಿದ, ಬೋರ್ನಿಯೊ ದ್ವೀಪದ ಮಣ್ಣಿನಲ್ಲಿದ್ದ ಜೀವಿಯೊಂದರಿಂದ ವ್ಯಾಂಕೊಮೈಸಿನ್ ಎಂಬ ಪ್ರತಿಜೈವಿಕವು ದೊರೆಯಿತು. 1958ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ರೋಗಾಣುವು ತನ್ನ ಕೋಶದ ಗೋಡೆ ಕಟ್ಟಲು ತರುವ ‘ಇಟ್ಟಿಗೆ’ಯ ತುದಿಯನ್ನು ಈ ಅಣುವು ಐದು ಜಲಜನಕ ಬಂಧಗಳಿಂದ ಹಿಡಿದುಬಿಡುತ್ತದೆ. ಗೋಡೆಯ ಕೆಲಸ ನಿಂತು ರೋಗಾಣು ಸಾಯುತ್ತದೆ. ಒಂದೊಂದು ಬಂಧವೂ ಸಡಿಲವೇ. ಐದೂ ಕೂಡಿದರೆ ಬಿಗಿ. ಅಣುಗಳು ಹೀಗೆ ಸಡಿಲ ಬಂಧಗಳಿಂದ ಕೂಡಿಕೊಳ್ಳುವುದನ್ನು ಅಭ್ಯಸಿಸುವ ಶಾಸ್ತ್ರವೇ ಸುಪ್ರಾಮಾಲಿಕ್ಯುಲರ್ ರಸಾಯನ. ಅದರ ಪ್ರವರ್ತಕರಾದ ಪೆಡರ್ಸನ್, ಕ್ರಾಮ್, ಲೇನ್ ಎಂಬವರಿಗೆ 1987ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಮರುವರ್ಷವೇ ವ್ಯಾಂಕೊಮೈಸಿನ್ನಿಗೆ ಜಗ್ಗದ ರೋಗಾಣುಗಳು ವರದಿಯಾದುವು. ಅವುಗಳ ಉಪಾಯ ನೋಡಿ: ಇಟ್ಟಿಗೆಯ ತುದಿಯಲ್ಲಿ ಸಾರಜನಕವಿದ್ದೆಡೆ ಆಮ್ಲಜನಕವನ್ನು ಇರಿಸಿಕೊಂಡುವು. ಒಂದು ಬಂಧ ತಪ್ಪಿತು. ಎದುರುಬದುರಾದ ಎರಡು ಆಮ್ಲಜನಕಗಳು ಒಂದನ್ನೊಂದು ನೂಕಿದುವು. ಹಿಡಿತವು ಸುಮಾರು ಸಾವಿರ ಪಟ್ಟು ಸಡಿಲಿತು. ಸಜಾತೀಯ ವಿದ್ಯುದಂಶಗಳ ವಿಕರ್ಷಣವನ್ನು ವರ್ಷವರ್ಷವೂ ಬೋಧಿಸುವ ನಮಗೆ ಅದರ ಇಂಥ ಘೋರ ನಿದರ್ಶನವು ತಿಳಿದಿರಲಿಲ್ಲ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಲ್ದಾರ್ ಮತ್ತು ಅವರ ಸಂಗಡಿಗರು 2016ರಲ್ಲಿ ಇದಕ್ಕೊಂದು ಮರುಪಾಯವನ್ನು ಪ್ರಕಟಿಸಿದರು. ಹಳೆಯ ಅಣುವಿಗೇ ಹೊಸ ಕೊಂಡಿಯೊಂದನ್ನು ಜೋಡಿಸಿದರು. ಅದು ಸತುವಿನ ನೆರವಿನಿಂದ ಅದೇ ಇಟ್ಟಿಗೆಯ ಪೈರೊಫಾಸ್ಫೇಟ್ ಭಾಗವನ್ನು ಹಿಡಿಯುತ್ತದೆ. ಜಗ್ಗದಿದ್ದ ರೋಗಾಣುಗಳು ಪ್ರಯೋಗಶಾಲೆಯಲ್ಲಿ ಜಗ್ಗಿದುವು. ಸದಾ ಹೊಸ ವಿಷವನ್ನು ಹುಡುಕುವುದಕ್ಕಿಂತ ಈ ಹಾದಿ ಮೇಲೆಂದು ನಮ್ಮ ಅಭಿಪ್ರಾಯ. ಎರಡು ಹಿಡಿತಗಳಿಂದ ಒಮ್ಮೆಗೇ ನುಣುಚಿಕೊಳ್ಳುವುದು ರೋಗಾಣುವಿಗೂ ಸುಲಭವಲ್ಲ.

ಆದರೆ ಇಂಥ ಅಣುವು ಪ್ರಯೋಗಶಾಲೆಯಿಂದ ರೋಗಿಯ ಹಾಸಿಗೆಯವರೆಗೆ ಬರಲು ವರ್ಷಗಳೇ ಬೇಕು. ಅಷ್ಟರಲ್ಲಿ ದಾಂಡೇಲಿ, ಹಳಿಯಾಳಗಳ ನಾವು ನೆಗಡಿ ಬಂದೊಡನೆ, ವೈದ್ಯರನ್ನು ಕೇಳದೆ, ಅಂಗಡಿಯಿಂದ ಪ್ರತಿಜೈವಿಕದ ಎರಡು ಗುಳಿಗೆ ತಂದು ನುಂಗುತ್ತೇವೆ. ನೆಗಡಿಗೆ ಕಾರಣ ವೈರಸ್. ಅದಕ್ಕೆ ಅಂಥ ಗೋಡೆಯೇ ಇಲ್ಲ. ಗುಳಿಗೆಯನ್ನು ಎದುರಿಸುವ ವಿದ್ಯೆಯನ್ನು ಕಲಿಯುವುವು ನಮ್ಮ ಕರುಳಿನಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಗಳು.