ನೀಲಿ ಅಂಗಿಯ ಸಾಕ್ಷಿ

ಚಳ್ಳಕೆರೆಯಲ್ಲಿ ವಕೀಲಿಕೆಗಿಳಿದು ಇಪ್ಪತ್ತೆರಡು ವರ್ಷವಾಯಿತು. ಮೊಳಕಾಲ್ಮುರಿನಿಂದ ದಿನಾ ಬಸ್ಸಿನಲ್ಲೇ ಬರುತ್ತೇನೆ. ಮೊನ್ನೆ ತಳಕು ದಾಟುವಾಗ ಪಕ್ಕದ ಹುಡುಗ ಠಾಣೆಯ ವಿಚಾರಣೆಯ ವಿಡಿಯೊ ಓಡುತ್ತಿದ್ದ ಮೊಬೈಲ್ ನನ್ನತ್ತ ತಿರುಗಿಸಿ, ‘ಒಪ್ಕೊಂಡ್ಬಿಟ್ಟ ನೋಡಿ ಸಾರ್, ಕೇಸ್ ಮುಗೀತು’ ಅಂದ.

ಕೇಸು ಹಾಗೆ ಮುಗಿಯುವುದಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಏಟಿಗೆ ಹೆದರಿ ಯಾರು ಏನನ್ನು ಬೇಕಾದರೂ ಒಪ್ಪಿಕೊಂಡಾರು. ಆರೋಪಿ ತೋರಿಸಿದ ಜಾಗದಲ್ಲಿ ಮಚ್ಚು ಸಿಕ್ಕರೆ ಅಷ್ಟಕ್ಕೆ ಸಂಬಂಧಿಸಿದ ಮಾತು ಮಾತ್ರ ಲೆಕ್ಕಕ್ಕೆ. ನ್ಯಾಯಾಧೀಶರೇ ಪರಿಗಣಿಸಬಾರದ ಮಾತನ್ನು ಊರೆಲ್ಲ ಕೇಳುವುದು ನನಗೆ ಸಹಿಸದು.

2021ರ ಸೆಪ್ಟೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಬೆಂಗಳೂರು ಪೊಲೀಸರ ತನಿಖೆಗಳ ಮೇಲೆ ‘ಕ್ರೈಮ್ ಸ್ಟೋರೀಸ್: ಇಂಡಿಯಾ ಡಿಟೆಕ್ಟಿವ್ಸ್’ ಎಂಬ ನಾಲ್ಕು ಕಂತುಗಳನ್ನು ತಂದಿತು. ಇನ್ಸ್‌ಪೆಕ್ಟರೂ ನಿಜ, ಆರೋಪಿಯೂ ನಿಜ. ಮೊದಲ ಕಂತಿನ ಆರೋಪಿಯೊಬ್ಬರು ಹೈಕೋರ್ಟಿಗೆ ಹೋಗಿ ಅದೇ ತಿಂಗಳು ಆ ಕಂತಿನ ಪ್ರಸಾರಕ್ಕೆ ಮಧ್ಯಂತರ ತಡೆ ತಂದರು. 2024ರಲ್ಲಿ ನಮ್ಮ ಚಿತ್ರದುರ್ಗದ ಯುವಕನೊಬ್ಬನ ಕೊಲೆಯಾದಾಗಲೂ, ದೋಷಾರೋಪ ಪಟ್ಟಿಯ ವಿವರ ಬಿತ್ತರಿಸದಂತೆ ಹೈಕೋರ್ಟೇ ಚಾನೆಲ್‌ಗಳನ್ನು ತಡೆಯಬೇಕಾಯಿತು.

ಪೊಲೀಸರ ದುಡಿಮೆ ತೋರಿಸಬೇಡಿ ಎನ್ನುತ್ತಿಲ್ಲ. ಶೇಂಗಾ ಹೊಲದಲ್ಲಿ ರಾತ್ರಿ ಹನ್ನೊಂದಕ್ಕೆ, ಬಾಯಲ್ಲಿ ಟಾರ್ಚ್ ಕಚ್ಚಿ, ಮೊಣಕಾಲ ಮೇಲೆ ರಟ್ಟಿಟ್ಟುಕೊಂಡು, ಚೆಕ್ಕುಬಂದಿ ಸಮೇತ ಮಹಜರು ಬರೆದ ಮುಖ್ಯಪೇದೆಯನ್ನು ಕಣ್ಣಾರೆ ಕಂಡಿದ್ದೇನೆ. ಅಂಥದ್ದನ್ನು ಧಾರಾಳವಾಗಿ ತೋರಿಸಿ. ಆದರೆ ಠಾಣೆಯ ವಿಚಾರಣೆ, ಆರೋಪಿಯ ಮುಖ, ಸಾಕ್ಷಿಯ ಮಾತು ಇವು ತೀರ್ಪು ಬರುವ ತನಕ ತೆರೆಯ ಮೇಲೆ ಬರಕೂಡದು. ಕ್ಯಾಮೆರಾವನ್ನು ಠಾಣೆಯೊಳಗೆ ಬಿಡುವಾಗಲೇ ಈ ಷರತ್ತು ಬರೆಸಿಕೊಳ್ಳಬೇಕು. ಇದು ಆರೋಪಿಯೊಬ್ಬನ ಹಿತದ ಮಾತಲ್ಲ, ಸತ್ತವನ ಮನೆಯವರಿಗೂ ಇದೇ ಬೇಕು.

ಹಲವು ವರ್ಷದ ಹಿಂದೆ ಅಂಥದೊಂದು ಮನೆಯವರ ಪರವಾಗಿ ಸೆಷನ್ಸ್ ಕೋರ್ಟಿನಲ್ಲಿ ಸರ್ಕಾರಿ ವಕೀಲರಿಗೆ ನೆರವಾಗುತ್ತಿದ್ದೆ. ನಮ್ಮ ಮುಖ್ಯ ಸಾಕ್ಷಿ ಕುರಿ ಕಾಯುವ ಮುದುಕ. ಓಡಿಹೋದವನ ಅಂಗಿ ಮಾಸಲು ಬಿಳಿ ಎಂದು ಮೊದಲು ಹೇಳಿಕೆ ಕೊಟ್ಟಿದ್ದ. ಕಟಕಟೆಯಲ್ಲಿ ನಿಂತು ‘ನೀಲಿ’ ಅಂದ. ನಾಲ್ಕು ಸಲ ಕೇಳಿದರೂ ನೀಲಿಯೇ. ನಡುವೆ ಒಂದು ಚಾನೆಲ್ ಆ ಕೊಲೆಯನ್ನು ನಟರಿಂದ ಆಡಿಸಿ ತೋರಿಸಿತ್ತು. ಅದರಲ್ಲಿ ಕೊಲೆಗಾರನ ಪಾತ್ರದವನು ತೊಟ್ಟದ್ದು ನೀಲಿ ಅಂಗಿ. ಕೇಸು ಬಿದ್ದುಹೋಯಿತು.

ಮುದುಕ ಹೊರಗೆ ಬಂದು, ಹೆಗಲ ಕಂಬಳಿ ಸರಿಮಾಡಿಕೊಂಡು ನನ್ನ ಕೈ ಹಿಡಿದ. ‘ಕಂಡಿದ್ನೇ ಹೇಳಿದ್ನಲ್ಲಪ್ಪಾ’ ಅಂದ. ಸತ್ತವನ ತಾಯಿ ಅಲ್ಲೇ ಬೇವಿನ ಮರದ ಕೆಳಗೆ ಕೂತಿದ್ದಳು.