ಕಲ್ಲು ಅಂಗಿಯಾಗುವ ಬಗೆ

ತೊಟ್ಟ ಅಂಗಿ ಎಲ್ಲಿಂದ ಬಂತೆಂದು ಚಿಕ್ಕ ಮಗುವನ್ನು ಕೇಳಿದರೆ ‘ಅಂಗಡಿಯಿಂದ’ ಎನ್ನುತ್ತದೆ. ಶಾಲೆಗೆ ಹೋಗುವ ಮಗುವಾದರೆ ‘ಹತ್ತಿಯಿಂದ’ ಎಂದೀತು. ಪಾಠದ ಪುಸ್ತಕಗಳಲ್ಲಿ ಎರಡು ಸಾಲುಗಳಿರುತ್ತವೆ; ಎಡಕ್ಕೆ ಹತ್ತಿ, ಮಣ್ಣು, ಕಲ್ಲು; ಬಲಕ್ಕೆ ಅಂಗಿ, ಗಡಿಗೆ, ನೆಲಗಟ್ಟು. ನಡುವೆ ಗೆರೆ ಎಳೆದರೆ ಪಾಠ ಮುಗಿಯಿತು. ತಿಳಿಯತಕ್ಕದ್ದೆಲ್ಲವೂ ಆ ಗೆರೆಯಲ್ಲಿಯೇ ಅಡಗಿರುವುದೆಂದು ನಮ್ಮ ಮತ. ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಮೊದಲು ಕೊಟ್ಟ ದೃಷ್ಟಾಂತವು ಒಂದು ಮಣ್ಣಿನ ಮುದ್ದೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಗೃಹಸ್ಥರು ಆ ಮುದ್ದೆಗಾಗಿ ದೂರ ಹೋಗಬೇಕಾದುದಿಲ್ಲ. ಊರ ಹೊರಗಿನ ಎರೆಹೊಲವೇ ಸಾಕು.

ಮೊದಲು ಆ ಹೊಲದ ಕೆಳಗಿನ ಕರಿಕಲ್ಲನ್ನು ತೋರಿಸಿರಿ. ಬಾವಿ ತೋಡಿದಲ್ಲಿ ಅದು ಕಾಣಸಿಗುತ್ತದೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯು ಬಿರಿದು, ಕರಗಿದ ಕಲ್ಲು ಪ್ರವಾಹವಾಗಿ ಹರಿದು, ದಖ್ಖಣದ ಮೇಲೆ ಪದರು ಪದರಾಗಿ ಹೆಪ್ಪುಗಟ್ಟಿತು. ಅದೇ ಈ ಕಲ್ಲು. ಈ ಸೀಮೆಯ ಹಳೆಯ ಮನೆಗಳ ಬೀಸುಕಲ್ಲು ಒರಳುಕಲ್ಲುಗಳಲ್ಲಿ ಅನೇಕವು ಇದರಿಂದಲೇ ಆದವು. ಬಿಸಿಲಿಗೂ ಮಳೆಗೂ ಸಿಕ್ಕಿ, ಬೇರುಗಳಿಂದ ಬಿರಿದು, ಎಣಿಕೆಗೆ ಸಿಗದಷ್ಟು ಕಾಲ ಸವೆದು ಇದು ಎರೆಮಣ್ಣಾಯಿತು. ಒದ್ದೆಯಾದರೆ ಉಬ್ಬುವ, ಒಣಗಿದರೆ ಮಗುವಿನ ಕೈ ಹೋಗುವಷ್ಟು ಬಿರುಕು ಬಿಡುವ ಈ ಮಣ್ಣು ನೀರನ್ನು ಬಹಳ ದಿನ ಹಿಡಿದಿಡುತ್ತದೆ. ಮಳೆ ಕಡಿಮೆಯಾದ ಈ ನಾಡಿನಲ್ಲಿ ಜೋಳವೂ ಹತ್ತಿಯೂ ಆಗುವುದು ಈ ಗುಣದಿಂದಲೇ.

ಹತ್ತಿಯ ಒಂದು ತೊಳೆಯನ್ನು ಮಗುವಿನ ಕೈಯಲ್ಲಿಡಿರಿ. ಎಳೆಯನ್ನು ಹಿಡಿದು ಜಗ್ಗಿದರೆ ಅದು ಬೀಜಕ್ಕೆ ಅಂಟಿರುವುದು ತಿಳಿಯುತ್ತದೆ. ಪ್ರತಿಯೊಂದು ಎಳೆಯೂ ಬೀಜದ ಸಿಪ್ಪೆಯಿಂದ ಹೊರಟ ಒಂದು ಕೂದಲು. 3 ಕಿಲೋ ಹತ್ತಿಯಲ್ಲಿ ಸುಮಾರು 1 ಕಿಲೋ ಮಾತ್ರ ಅರಳೆ, ಉಳಿದುದೆಲ್ಲ ಹತ್ತಿಕಾಳು. ಅದರಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯು ಎಮ್ಮೆಗೆ. ಆದಕಾರಣ ಅಂಗಿಯೂ ಅಂಗಿಯ ಮೇಲೆ ಚೆಲ್ಲಿಕೊಂಡ ಹಾಲೂ ಒಂದೇ ಕಾಯಿಯಿಂದ ಬಂದಿರಬಹುದು! ಮಕ್ಕಳು ಇದನ್ನು ಮರೆಯುವುದಿಲ್ಲ. ಅರಳೆಯನ್ನು ಹಿಂಜಿ, ಹಂಜಿ ಮಾಡಿ, ಹುರಿಗೊಳಿಸಿದರೆ ನೂಲು. ಹಾಸು ಹೊಕ್ಕುಗಳಾಗಿ ಹೆಣೆದರೆ ಬಟ್ಟೆ. ಈಗ ಇದೆಲ್ಲ ದೂರದ ಗಿರಣಿಗಳಲ್ಲಿ ನಡೆಯುವುದೇ ಹೆಚ್ಚು. ಮಗ್ಗವನ್ನು ಕಣ್ಣಾರೆ ತೋರಿಸಬೇಕೆಂಬ ಮುದ್ದೇಬಿಹಾಳದವರು ಕೃಷ್ಣೆಯನ್ನು ದಾಟಿ ಇಳಕಲ್ಲಿಗೆ ಹೋಗಬಹುದು.

ತಾಳಿಕೋಟೆಯ ಕಡೆಗೆ ಕಲ್ಲೇ ಬೇರೆ. (ತಾಳಿಕೋಟೆ ಮೊದಲು ಮುದ್ದೇಬಿಹಾಳ ತಾಲ್ಲೂಕಿನಲ್ಲಿತ್ತು, ಈಗ ತಾನೇ ತಾಲ್ಲೂಕಾಗಿದೆ.) ಅಲ್ಲಿಯದು ಸುಣ್ಣದ ಕಲ್ಲು, ಕರಿಕಲ್ಲಿಗಿಂತ ಎಷ್ಟೋ ಕೋಟಿ ವರ್ಷ ಹಳೆಯದು, ನೀರಿನಡಿಯಲ್ಲಿ ಪದರಾಗಿ ಕೂತದ್ದು. ಪದರು ಪದರಾಗಿ ಏಳುವುದರಿಂದಲೇ ಅದು ಮನೆಯ ನೆಲಕ್ಕೆ ಫರ್ಸಿಯಾಗುತ್ತದೆ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟರೆ ಅದರೊಳಗಿನ ವಾಯು ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದೊಡನೆ ಕುದಿಯುತ್ತದೆ. ಗೋಡೆಗೆ ಬಳಿದ ಮೇಲೆ ಆ ಸುಣ್ಣವು ಅದೇ ಬಗೆಯ ವಾಯುವನ್ನು ಗಾಳಿಯಿಂದ ಹೀರಿ ಮೆಲ್ಲಮೆಲ್ಲನೆ ಪುನಃ ಕಲ್ಲಾಗುತ್ತದೆ. ಸಂಸ್ಕೃತದಲ್ಲಿ ‘ಸುಧಾ’ ಎಂದರೆ ಅಮೃತವೂ ಹೌದು, ಸುಣ್ಣವೂ ಹೌದು; ಹಿಂದಿನವರಿಗೆ ಬಿಳಿಯ ಗೋಡೆಯ ಮೇಲೆ ಅಷ್ಟು ಪ್ರೀತಿ.

ಇಷ್ಟು ಕೇಳಿದ ಮೇಲೆ ಚುರುಕಾದ ಮಗುವು ಒಂದು ಪ್ರಶ್ನೆ ಹಾಕುತ್ತದೆ: ‘ಇವು ಮುಗಿದುಹೋದರೆ?’ ಇದಕ್ಕೆ ಹುಸಿ ಉತ್ತರ ಕೊಡಬಾರದು. ಹತ್ತಿ ಬರುವ ವರ್ಷ ಮತ್ತೆ ಬೆಳೆಯುತ್ತದೆ. ಫರ್ಸಿ ಮತ್ತೆ ಬೆಳೆಯುವುದಿಲ್ಲ. ಆದರೂ ತೆಗೆದದ್ದು ನೂರು ವರ್ಷ ಮನೆಯಲ್ಲಿರುತ್ತದೆ. ಎರೆಮಣ್ಣಿನ ಸಂಗತಿಯೇ ಕಠಿನವಾದದ್ದು. ಅಂಗುಲದಷ್ಟು ಮಣ್ಣು ಹುಟ್ಟಲು ನೂರಾರು ವರ್ಷಗಳು ಬೇಕು. ಕೊಚ್ಚಿಹೋಗಲು ಕೆಲವು ಬಿರುಮಳೆಗಳು ಸಾಕು. ಈ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ, 1942ರಲ್ಲಿ, ಭೂಸುಧಾರಣೆಗೆಂದೇ ಅಲ್ಲಿಯ ಸರಕಾರವು ಕಾಯಿದೆ ಮಾಡಿತು. ಹೊಲದ ಇಳುಕಲಿಗೆ ಅಡ್ಡವಾಗಿ ಒಡ್ಡು ಹಾಕುವುದು ಅಂಥ ಕೆಲಸಗಳಲ್ಲಿ ಮುಖ್ಯವಾದದ್ದು. ಎರಡು ಸಾಲು ಹೆಚ್ಚು ಬಿತ್ತುವ ಆಸೆಯಿಂದ ಆ ಒಡ್ಡುಗಳನ್ನು ಕೆಡವಿದವರನ್ನು ನಾವು ಬಲ್ಲೆವು. ಅವರು ಮೊಮ್ಮಕ್ಕಳ ಅಂಗಿಯನ್ನೇ ಹರಿದರೆಂದು ಹೇಳಿದರೆ ಸಿಟ್ಟಾಗುತ್ತಾರೆ.

ಮುಂಗಾರಿನ ಮೊದಲ ದೊಡ್ಡ ಮಳೆ ನಿಂತ ಮೇಲೆ ಮಗುವಿನ ಕೈಹಿಡಿದುಕೊಂಡು ಹೊರಗೆ ಹೋಗಿರಿ. ಒಡ್ಡು ಇಲ್ಲದ ಹೊಲದಿಂದ ಹರಿದುಬರುವ ನೀರನ್ನು ಒಂದು ಗಾಜಿನ ಲೋಟದಲ್ಲಿ ನೀವೇ ತುಂಬಿಕೊಳ್ಳಿರಿ. ಒಡ್ಡಿನ ಹೊಲದಿಂದ ಹೊರಬಂದ ನೀರನ್ನು ಇನ್ನೊಂದರಲ್ಲಿ. ಎರಡನ್ನೂ ರಾತ್ರಿಯೆಲ್ಲ ಕಿಟಕಿಯಲ್ಲಿ ಅಲುಗದಂತೆ ಇಡಿರಿ. ಬೆಳಿಗ್ಗೆ ತಳದಲ್ಲಿ ಕೂತ ಕರಿಮಣ್ಣನ್ನು ಮಗುವೇ ಬೆರಳಿಟ್ಟು ಅಳೆಯಲಿ.